ಮಸುಕಾದ ಕಲಾಯಿ

"ಗುರುಗಳೇ, ಮನಸ್ಸು ಶುದ್ಧವಾಯಿತು ಎಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

"ಈಗೇಕೆ ಆ ಸಂಶಯ?"

"ಊರಿನಿಂದ ತಂಗಿ ಬಂದಿದ್ದಾಳೆ. ಮಠದ ಜಗಲಿಯ ಮೇಲೆ ಕೂತಿದ್ದಾಳೆ. ನನಗೆಂದು ಮೊಸರನ್ನ ಕಟ್ಟಿಕೊಂಡು ಬಂದಿದ್ದಾಳೆ. ಅವಳನ್ನು ನೋಡಿದರೂ ನನಗೆ ಏನೂ ಅನ್ನಿಸಲಿಲ್ಲ. ಮೋಹ ಹೋಯಿತು ಎಂದು ಸಂತೋಷಪಡಬೇಕಿತ್ತು. ಆದರೆ ಒಂಟಿ ಎನಿಸುತ್ತಿದೆ."

ಗುರು ಅವನನ್ನು ಕೂರಿಸಿಕೊಂಡು ಹೇಳಿದರು:

ಒಂದೂರಿನಲ್ಲಿ ಒಬ್ಬ ಹೆಂಗಸಿದ್ದಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಪಾತ್ರೆ ಬೆಳಗುವ ಪುಡಿ ಮಾಡುವುದರಲ್ಲಿ ಅವಳದು ಎತ್ತಿದ ಕೈ. ಒಲೆಯ ಬೂದಿಯನ್ನು ಜರಡಿ ಹಿಡಿಯುತ್ತಿದ್ದಳು. ಸಾರಿಗೆ ಹಿಂಡಿ ಉಳಿದ ಹುಣಸೆಯನ್ನೂ ನಿಂಬೆಯ ಸಿಪ್ಪೆಯನ್ನೂ ಬಿಸಿಲಲ್ಲಿ ಒಣಗಿಸಿ ಕುಟ್ಟುತ್ತಿದ್ದಳು. ಅಂಟುವಾಳದ ಕಾಯಿ ಹಿತ್ತಲಿನ ಮರದ್ದು. ಒಡೆದ ಇಟ್ಟಿಗೆಯ ಪುಡಿ ಒಂದಿಷ್ಟು ಸೇರುತ್ತಿತ್ತು. ಕಾಸಿನ ಖರ್ಚಿಲ್ಲ. ಮೋಹ ಬಿಡಿಸುವುದಕ್ಕೂ ಅಂಥದೊಂದು ಪುಡಿ ಇದ್ದಿದ್ದರೆ ನೀನು ಇಷ್ಟು ದೂರ ಬಂದು ನನ್ನ ತಲೆ ತಿನ್ನುತ್ತಿರಲಿಲ್ಲ.

ನೆರೆಯ ಹೆಂಗಸರು ಬಟ್ಟಲು ಹಿಡಿದು ಪುಡಿಗೆ ಬರುತ್ತಿದ್ದರು. ಅವಳು ಇಲ್ಲ ಎನ್ನದೆ ಕೊಡುತ್ತಿದ್ದಳು. ಆದರೆ ಯಾರೂ ಹೊಸ್ತಿಲು ದಾಟುತ್ತಿರಲಿಲ್ಲ. ನೆಲ ಅಷ್ಟು ಚೊಕ್ಕಟ; ಕಾಲಿಟ್ಟರೆ ಗುರುತು ಬಿದ್ದೀತು ಎಂದು ಅವರಿಗೆ ಅಂಜಿಕೆ. ಅವಳೂ ಒಳಗೆ ಬನ್ನಿ ಎನ್ನುತ್ತಿರಲಿಲ್ಲ.

ಒಬ್ಬಳ ಅಡುಗೆಗೆ ಒಂದು ಮಣ್ಣಿನ ಗಡಿಗೆ ಸಾಕಾಗುತ್ತಿತ್ತು. ಅದನ್ನು ತೊಳೆಯಲು ಎಷ್ಟು ಹೊತ್ತು ಬೇಕು? ಉಳಿದ ಹೊತ್ತು ಹೋಗುತ್ತಿರಲಿಲ್ಲ. ಆಗ ಅಟ್ಟದಿಂದ ಹಿತ್ತಾಳೆಯ ದೊಡ್ಡ ಪಾತ್ರೆಯನ್ನು ಇಳಿಸಿಕೊಳ್ಳುತ್ತಿದ್ದಳು. ಗಂಡ ಇದ್ದಾಗ, ಮನೆಗೆ ನಾಲ್ಕು ಜನ ಬಂದಾಗ ಅಡುಗೆ ಮಾಡುತ್ತಿದ್ದ ಪಾತ್ರೆ ಅದು. ಅದರಲ್ಲಿ ಈಗ ಏನನ್ನೂ ಬೇಯಿಸುತ್ತಿರಲಿಲ್ಲ. ಆದರೂ ನಾರಿನಿಂದ ಅದರ ಹೊರಗೆ ಉಜ್ಜಿದಳು, ಬಂಗಾರದ ಹಾಗೆ ಹೊಳೆಯಿತು. ಒಳಗೆ ನೋಡಿದಳು. ಮಸುಕಾಗಿತ್ತು. ಅಲ್ಲಿಯೂ ಉಜ್ಜಿದಳು. ದಿನವೂ ಉಜ್ಜಿದಳು. ಒಳಗೂ ಬಂಗಾರದ ಹಾಗೆ ಹೊಳೆಯುವವರೆಗೆ ಬಿಡಲಿಲ್ಲ.

ಹಿತ್ತಾಳೆ ಪಾತ್ರೆಯ ಒಳಮೈಗೆ ಕಲಾಯಿ ಎಂಬ ತವರದ ಮಸುಕು ಲೇಪ ಇರುತ್ತದೆ, ಅದು ಹೋದರೆ ಹುಳಿ ಬಿದ್ದ ಅಡುಗೆ ಕಿಲುಬೇರಿ ವಿಷವಾಗುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ್ದಲ್ಲ. ಆದರೆ ಉಜ್ಜಿ ಉಜ್ಜಿ, ಮಸುಕಾಗಿ ಕಂಡದ್ದೆಲ್ಲ ಅವಳಿಗೆ ಕೊಳೆಯೇ ಆಗಿಹೋಗಿತ್ತು.

ಒಂದು ದಿನ ಅವಳ ಅಣ್ಣ ಬಂದ. ಅವಳಿಗೆ ಉಳಿದಿದ್ದ ತವರೆಂದರೆ ಅವನೊಬ್ಬನೇ. ಬಹಳ ವರ್ಷಗಳ ಮೇಲೆ ಬಂದಿದ್ದ. ಅವಳಿಗೆ ಸಂಭ್ರಮವೋ ಸಂಭ್ರಮ. ದೊಡ್ಡ ಪಾತ್ರೆಯನ್ನು ಒಲೆಯ ಮೇಲಿಟ್ಟಳು. ಅಣ್ಣನಿಗೆ ಇಷ್ಟವೆಂದು ಹುಳಿ ಮುಂದಾಗಿ ಸಾರು ಮಾಡಿದಳು. ಅಣ್ಣ ಮೊದಲ ತುತ್ತಿಗೇ ಕಿಲುಬಿನ ರುಚಿ ಹತ್ತಿ ತಡೆದ. ತಂಗಿ ಎದುರಿಗೆ ಕೂತು ನೋಡುತ್ತಿದ್ದಳು. ಅವಳ ಮುಖ ನೋಡಿ ನುಂಗಿದ. ಬಡಿಸಿದ್ದನ್ನೆಲ್ಲ ಉಂಡ. ಕೈ ತೊಳೆಯಲು ಹಿತ್ತಲಿಗೆ ಹೋದವನು ಅಂಟುವಾಳದ ಮರವನ್ನು ಹಿಡಿದುಕೊಂಡು ವಾಂತಿ ಮಾಡಿದ.

ಅವಳು ಓಡಿಹೋಗಿ ಅವನ ತಲೆ ಹಿಡಿದುಕೊಂಡಳು.

"ಪಾತ್ರೆಗೆ ಕಲಾಯಿ ಇರಲಿಲ್ಲವೇನಮ್ಮಾ?" ಎಂದ ಅಣ್ಣ, ಸುಧಾರಿಸಿಕೊಂಡು.

"ಇತ್ತಣ್ಣ. ನಾನೇ ಉಜ್ಜಿ ತೆಗೆದುಬಿಟ್ಟೆ."

ಅಣ್ಣ ಬೈಯಲಿಲ್ಲ. ಬಿಸಿಲು ಇಳಿದ ಮೇಲೆ ಹಿತ್ತಲಲ್ಲಿ ಕೈಕಾಲು ತೊಳೆದು ಬಂದು ಹೊರಟುಹೋದ. ಅವನು ಕಣ್ಮರೆಯಾಗುವ ತನಕ ಅವಳು ಹೊಸ್ತಿಲಲ್ಲಿ ನಿಂತಿದ್ದಳು. ಒಳಗೆ ಬಂದು ನೋಡಿದರೆ ನೆಲದ ಮೇಲೆ ಅಣ್ಣನ ಒದ್ದೆ ಕಾಲಿನ ಗುರುತುಗಳಿದ್ದವು. ಬಟ್ಟೆ ಕೈಗೆ ತೆಗೆದುಕೊಂಡಳು. ಒರೆಸಲು ಮನಸ್ಸು ಬರಲಿಲ್ಲ. ಅವು ತಾವಾಗಿಯೇ ಆರಿಹೋಗುವುದನ್ನು ನೋಡುತ್ತ ಕೂತಳು. ಅವಳಿಗೆ ಅಳು ಬಂತು.

ಗುರು ಕತೆ ನಿಲ್ಲಿಸಿದರು. ಜಗಲಿಯ ಕಡೆಯಿಂದ ಬಳೆಯ ಸದ್ದು ಕೇಳಿಸಿತು.

"ತಂಗಿ ಮೊಸರನ್ನ ತಂದಿದ್ದಾಳೆ ಎಂದೆಯಲ್ಲ," ಎಂದರು ಗುರು, "ಅದನ್ನು ಹಾಕಿಸಿಕೊಳ್ಳಲು ಕಲಾಯಿ ಇರುವ ಪಾತ್ರೆ ನಿನ್ನಲ್ಲಿ ಉಳಿದಿದೆಯೇ?"