ಎತ್ತಿನ ಬಾಯಿ ನೋಡುವವನು

"ಅಜ್ಜಾರ, ಈಗ ಏನ್ ಕೇಳಿದ್ರೂ ಫೋನಿನ್ಯಾಗ ಹೇಳ್ತಾರ. ಇನ್ನ ಗುರು ಯಾಕ ಬೇಕ್ರಿ?"

ಕೇಳಿದವನು ಶಿವಪುತ್ರ. ಮಠಕ್ಕೆ ಬಂದು ತಿಂಗಳಾಗಿದ್ದ ಶಿಷ್ಯ. ಪಂಕ್ತಿಯ ಕೊನೆಯಲ್ಲಿ ಒಬ್ಬನೇ ಕೂತು, ಫೋನು ನೋಡುತ್ತಾ ಉಣ್ಣುವವನು. ಗುರುಗಳು ಬೈಯಲಿಲ್ಲ. ಒಂದು ಕತೆ ಹೇಳಿದರು.

ದನದ ಸಂತೆಯಲ್ಲಿ ಒಬ್ಬ ದಲ್ಲಾಳಿ ಇದ್ದ. ಎತ್ತಿನ ಬಾಯಿಗೆ ಕೈ ಹಾಕಿ ಹಲ್ಲು ನೋಡದೆ ಅವನು ಒಂದು ವ್ಯಾಪಾರವನ್ನೂ ಕುದುರಿಸಿದವನಲ್ಲ. ಮಾರುವವನು ಎಷ್ಟೇ ಬಣ್ಣಿಸಲಿ, ಎತ್ತಿನ ವಯಸ್ಸು ಅವನ ಬೆರಳಿಗೆ ತಿಳಿಯುತ್ತಿತ್ತು. ಸಂತೆಯಲ್ಲಿ ಅವನ ಮಾತಿಗೆ ತೂಕವಿತ್ತು. ಮನೆಯಲ್ಲಿ ಮಾತಾಡಲು ಯಾರೂ ಇರಲಿಲ್ಲ. ಮಕ್ಕಳಾಗಿರಲಿಲ್ಲ, ಹೆಂಡತಿ ತೀರಿಕೊಂಡಿದ್ದಳು.

ಅವನಿಗೆ ತಂಬಾಕಿನ ಚಟ. ಸುಣ್ಣದ ಜೊತೆ ತಿಕ್ಕಿ ಎಡಗೆನ್ನೆಯೊಳಗೆ ಇಟ್ಟುಕೊಳ್ಳುವನು. ಅಲ್ಲೇ ಒಂದು ಹುಣ್ಣಾಯಿತು. ಫೋನಿನಲ್ಲಿ ಹುಡುಕಿದ. ಮೊದಲು ಒಂದು ವಿಡಿಯೋದಲ್ಲಿ ಒಬ್ಬ ಡಾಕ್ಟರಮ್ಮ ಬಂದರು. ಬಾಯಿಯ ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ ಆಸ್ಪತ್ರೆಗೆ ತೋರಿಸಿ, ಕ್ಯಾನ್ಸರ್ ಇರಬಹುದು ಎಂದರು. ಅವರು ಹೇಳಿದ್ದು ಪಾಠ ಒಪ್ಪಿಸಿದಂತೆ ಇತ್ತು. ನೋಡಿದವರು ನೂರು ಮಂದಿಯೂ ಇರಲಿಲ್ಲ. ಆಮೇಲೆ ಪೇಟ ಸುತ್ತಿದವನೊಬ್ಬ ಬಂದ. ಅವನನ್ನು ಲಕ್ಷಗಟ್ಟಲೆ ಜನ ನೋಡಿದ್ದರು. ನಗುತ್ತಾ "ಅಣ್ಣಾ, ಊಟ ಆತೇನು?" ಎಂದು ಶುರುಮಾಡುವನು. ತುಪ್ಪ ಅರಿಸಿನ ಹಚ್ಚಿದರೆ ಬಾಯಿಯ ಯಾವ ಹುಣ್ಣೂ ನಿಲ್ಲದು ಎನ್ನುವನು.

ಹೆಂಡತಿ ಹೋದ ಮೇಲೆ ಊಟವಾಯಿತೇ ಎಂದು ದಲ್ಲಾಳಿಯನ್ನು ಯಾರೂ ಕೇಳಿರಲಿಲ್ಲ. ದಿನಾ ಸಂಜೆ ಅವನು ಫೋನನ್ನು ಚೊಂಬಿಗೆ ಒರಗಿಸಿಟ್ಟು, "ಆತಪ್ಪಾ, ನಿಂದು?" ಎನ್ನುತ್ತಿದ್ದ. ಆಮೇಲೆ ಅರಿಸಿನ ಹಚ್ಚಿಕೊಳ್ಳುತ್ತಿದ್ದ. ಅವನನ್ನು ದಡ್ಡ ಎನ್ನಬೇಡ. ಅವನು ಒಂಟಿಯಾಗಿದ್ದ.

ಆರು ತಿಂಗಳಲ್ಲಿ ಎರಡು ಬೆರಳು ಹೋಗದಷ್ಟು ಬಾಯಿ ಬಿಗಿಯಿತು. ರೊಟ್ಟಿ ಬಿಟ್ಟು ಗಂಜಿಗೆ ಇಳಿದ. ಒಂದು ಸಂತೆಯ ದಿನ ಒಬ್ಬ ರೈತ ಬಂದು, ಮಾರಬೇಕಾಗಿದ್ದ ಎತ್ತಿನ ವಿಡಿಯೋ ತೋರಿಸಿದ. ದಲ್ಲಾಳಿ ಅದನ್ನು ಪಕ್ಕಕ್ಕೆ ಸರಿಸಿದ.

"ಇದ್ರಾಗ ಏನ್ ನೋಡ್ಲಿ? ಎತ್ತು ಹಿಡ್ಕೊಂಡು ಬಾ. ಬಾಯಾಗ ಕೈ ಹಾಕಿ ನೋಡಬೇಕು."

ಹಲ್ಲು ಬಿಡಿಸದೆ ಆಡಿದ ಆ ಮಾತು ರೈತನಿಗೆ ಅರ್ಧ ತಿಳಿಯಿತು. "ಕಾಕಾ, ನಿಮ್ಮ ಬಾಯಿ ಯಾರಿಗೆ ತೋರ್ಸೀರಿ?" ಎಂದು ಕೇಳಿದ.

ದಲ್ಲಾಳಿಯ ಕೈ ತನ್ನ ಎಡಗೆನ್ನೆಗೆ ಹೋಯಿತು. ಮರುದಿನ ಆಸ್ಪತ್ರೆಗೆ ಹೋದ. ಡಾಕ್ಟರು ಬೆಳಕು ಬಿಟ್ಟು, ಕೆನ್ನೆಯೊಳಗೆ ಬೆರಳು ಹಾಕಿ ನೋಡಿದರು. ಮೊದಲೇ ಬಂದಿದ್ದರೆ ಸಣ್ಣ ಗಾಯದಲ್ಲಿ ಮುಗಿಯುತ್ತಿತ್ತು ಎಂದರು. ಅರ್ಧ ದವಡೆ ತೆಗೆದರು. ಜೀವ ಉಳಿಯಿತು. ಅವನ ಮಾತು ಮಾತ್ರ ಯಾರಿಗೂ ತಿಳಿಯದಂತಾಯಿತು.

ಮನೆಗೆ ಬಂದ ಸಂಜೆ ಫೋನು ತೆರೆದ. ಪೇಟದವನು ಅದೇ ನಗುವಿನಲ್ಲಿ ಊಟ ಆತೇನು ಎಂದು ಕೇಳಿದ. ದಲ್ಲಾಳಿ ಏನೋ ಹೇಳಲು ಹೋದ. ಪೇಟದವನು ಅಷ್ಟರಲ್ಲಿ ಮುಂದಿನ ಮಾತಿಗೆ ಹೋಗಿದ್ದ.

ಕತೆ ಮುಗಿಯಿತು. "ಪಾಪ, ಅವ ಆ ಡಾಕ್ಟರಮ್ಮನ ವಿಡಿಯೋನ ಪೂರ್ತಿ ನೋಡಬೇಕಿತ್ರಿ," ಎಂದ ಶಿವಪುತ್ರ.

ಗುರುಗಳು ಕಿಟಕಿಯ ಬಾಗಿಲು ತೆರೆದರು.

"ಎರಡು ವಾರಾತು, ನೀ ಬಲಗಡೆ ಅಷ್ಟ ಅಗಿಯಾಕತ್ತೀ, ಬೆಳಕಿಗೆ ಬಾ, ಬಾಯಿ ತಗಿ."