ಗಾಡಿಯ ಮೇಲೆ ಕೂತವಳು

"ಗುರುಗಳೇ, ಒಳ್ಳೆಯ ಕೆಲಸಕ್ಕೆ ನೆರವು ಕೇಳುವಾಗ ಇರುವ ಕಷ್ಟವನ್ನು ಸ್ವಲ್ಪ ದೊಡ್ಡದು ಮಾಡಿ ತೋರಿಸಿದರೆ ತಪ್ಪೇ?"

ಕೇಳಿದವನು ಮುರಿಗೆಯ್ಯ. ಮಠದ ಅಂಧ ಮಕ್ಕಳ ಶಾಲೆಯ ವಿಷಯವನ್ನು ಊರೂರಿಗೆ ತಿಳಿಸಿ ನೆರವು ತರುವುದು ಅವನ ಕೆಲಸ. ಕರಪತ್ರಕ್ಕಾಗಿ ಅವನು ತೆಗೆಸಿದ ಚಿತ್ರದಲ್ಲಿ ಒಂದು ಮಗು ಹರಿದ ಅಂಗಿ ತೊಟ್ಟು ನಿಂತಿತ್ತು. ಶಾಲೆಯಲ್ಲಿ ಯಾವ ಮಗುವಿಗೂ ಹರಿದ ಅಂಗಿ ಇರಲಿಲ್ಲ. ಅದನ್ನು ಹುಡುಕಿ ತಂದು ತೊಡಿಸಿದ್ದ. ಈಗ ಆ ಚಿತ್ರವನ್ನು ಗುರುಗಳ ಮುಂದಿಟ್ಟ.

ಗುರುಗಳು ಚಿತ್ರವನ್ನು ನೋಡಿ ಪಕ್ಕಕ್ಕಿಟ್ಟರು. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ದಿಕ್ಕಿಲ್ಲದ ರೋಗಿಗಳನ್ನು ಮನೆಯಲ್ಲಿಟ್ಟುಕೊಂಡು ಮದ್ದು ಕೊಡುತ್ತಿದ್ದ. ಅಂಥವರು ಮೂವತ್ತು ಮಂದಿ. ಅವರ ಗಂಜಿಗೆ ಕಾಳು ಬೇಕಲ್ಲ. ಅದನ್ನು ಊರೂರಲ್ಲಿ ಸಾರಿ ಕೇಳಿ ತರಲು ಒಬ್ಬನಿದ್ದ. ಈ ಸಾರುವವನು ಕೆಟ್ಟವನಾಗಿದ್ದರೆ ಕತೆ ಹೇಳುವ ನನಗೆ ಸುಲಭವಾಗುತ್ತಿತ್ತು. ಏನು ಮಾಡುವುದು, ಅವನು ಒಳ್ಳೆಯವನು.

ಆ ಸೀಮೆಯಲ್ಲಿ ರಾಶಿಯನ್ನು ಮನೆಗೆ ಹೇರುವ ಮೊದಲು ಕಣದಲ್ಲೇ ದಾನ ಕೊಡುವುದು ವಾಡಿಕೆ. ಮನೆ ಸೇರಿದ ಕಾಳು ಮತ್ತೆ ಹೊರಗೆ ಬಾರದು. ಆದ್ದರಿಂದ ಸುಗ್ಗಿಯ ಹದಿನೈದು ದಿನಗಳಲ್ಲಿ ವರ್ಷದ ಗಂಜಿ ಕೂಡಬೇಕು. ಸಾರುವವನು ನಡೆಯಲು ಬಾರದ ಒಬ್ಬ ಹೆಂಗಸನ್ನು ಗಾಡಿಯ ಮೇಲೆ ಕೂರಿಸಿಕೊಂಡು ಕಣದಿಂದ ಕಣಕ್ಕೆ ಹೋಗುತ್ತಿದ್ದ. ಅವಳನ್ನು ನೋಡಿದ ರೈತರು ಎರಡು ಮೊರ ಕೊಡುವಲ್ಲಿ ನಾಲ್ಕು ಮೊರ ಕೊಡುತ್ತಿದ್ದರು. ಹೀಗೆ ಮೂರು ವರ್ಷ ನಡೆಯಿತು.

ನಾಲ್ಕನೆಯ ವರ್ಷ, ಸುಗ್ಗಿಗೆ ಒಂದು ವಾರವಿರುವಾಗ, ಅವಳು ಗೋಡೆ ಹಿಡಿದು ಎದ್ದು ನಿಂತಳು. ವೈದ್ಯನಿಗೆ ಹಿಡಿಸಲಾರದ ಸಂತೋಷ. ಇನ್ನು ದಿನಾ ನಡೆಯಬೇಕು, ಬಿಟ್ಟರೆ ಮಂಡಿ ಮತ್ತೆ ಬಿಗಿದುಕೊಳ್ಳುತ್ತದೆ, ಆಮೇಲೆ ನನ್ನ ಎಣ್ಣೆಗೂ ಬಗ್ಗುವುದಿಲ್ಲ ಎಂದ. ಅವಳು ಅಂಗಳದಲ್ಲಿ ಅತ್ತಿಂದಿತ್ತ ನಡೆದಳು. ಎಲ್ಲರೂ ನಕ್ಕರು. ಸಾರುವವನೂ ನಕ್ಕ, ಆಮೇಲೆ ಹೋಗಿ ನೆಲದಡಿಯ ಕಾಳಿನ ಹಗೇವಿನೊಳಗೆ ಬಗ್ಗಿ ನೋಡಿದ. ತಳ ಕಾಣುತ್ತಿತ್ತು.

ಹೊರಡುವ ದಿನ ಅವನು ಗಾಡಿಯನ್ನು ಅವಳೆದುರು ತಂದು ನಿಲ್ಲಿಸಿದ. ಅವಳಿಗೇ ಅರ್ಥವಾಯಿತು.

"ನಡದು ತೋರಸ್ತೀನ್ರೀ," ಎಂದಳು. "ನಿಮ್ಮ ಕಾಳು ತಿಂದ ಎದ್ದೀನಿ ಅಂತ ಕಣದಾಗ ನಾನ ಹೇಳ್ತೀನಿ."

"ಎದ್ದು ನಿಂತಾಕಿನ್ನ ಕಂಡ್ರ ಯಾರು ಕೊಡ್ತಾರವ್ವಾ? ಹದಿನೈದ ದಿನ ಕುಂತ ಬಿಡು. ಮೂವತ್ತು ಮಂದಿ ಹೊಟ್ಟಿ ಅದಾವ."

ಆ ಮೂವತ್ತರಲ್ಲಿ ತಾನೂ ಒಬ್ಬಳು ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ. ಗಾಡಿ ಹತ್ತಿ ಕೂತಳು.

ದಿನಾ ಸಂಜೆ ಗಾಡಿ ನಿಂತಲ್ಲಿ ಅವಳನ್ನು ನಡೆಸುತ್ತೇನೆಂದು ಅವನು ವೈದ್ಯನಿಗೆ ಮಾತು ಕೊಟ್ಟಿದ್ದ. ಮನಸ್ಸಿನಲ್ಲಿಯೂ ಹಾಗೆಯೇ ಇತ್ತು. ಆದರೆ ಗಾಡಿ ನಿಂತಲ್ಲೆಲ್ಲ ಯಾರಾದರೂ ಇರುತ್ತಿದ್ದರು. ಒಬ್ಬರು ನೋಡಿದರೂ ಸಾಕು, ಗಾಡಿ ಹೋಗುವ ಮೊದಲೇ ಸುದ್ದಿ ಮುಂದಿನ ಊರಿಗೆ ಹೋಗಿರುತ್ತದೆ. ಸುದ್ದಿಯ ಓಟ ಅವನಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ; ಅದೇ ಅವನ ಕಸುಬು. ಇವತ್ತು ಬೇಡ, ನಾಳೆ ಎಂದ. ನಾಳೆಯೂ ಹಾಗೆಯೇ ಎಂದ. ಮೂರನೆಯ ದಿನ ಅವಳು ತಾನಾಗಿ ಕೇಳಿದಳು. ಎಂಟನೆಯ ದಿನದಿಂದ ಕೇಳುವುದನ್ನು ಬಿಟ್ಟಳು. ಅವನು ಅವಳ ಕಾಲಿನ ಮೇಲೆ ಕಂಬಳಿ ಹೊದಿಸಿದ. ಚಳಿ ಇರಲಿಲ್ಲ. ಅವನಿಗೆ ಅತ್ತ ನೋಡಲಾಗುತ್ತಿರಲಿಲ್ಲ, ಅಷ್ಟೆ.

ಹದಿನಾರನೆಯ ದಿನ ಗಾಡಿ ಊರಿಗೆ ಮರಳಿತು. ವೈದ್ಯ ಹೊರಗೆ ಬಂದ. ಚೀಲಗಳ ಕಡೆ ನೋಡದೆ ಕಂಬಳಿ ಸರಿಸಿ ಅವಳ ಮಂಡಿಗೆ ಕೈ ಹಾಕಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.  ಮುರಿಗೆಯ್ಯನಿಗೆ ತಡೆಯಲಾಗಲಿಲ್ಲ.

"ಆ ವರ್ಷ ಕಾಳು ಸಾಕಾಯಿತೇ, ಗುರುಗಳೇ?"

ಗುರುಗಳು ಅವನನ್ನೇ ನೋಡಿ ಹೇಳಿದರು:

"ಸಾಕಾಯಿತು. ಆದರೆ ಅವಳ ಕಾಲು ಏನಾಯಿತೆಂದು ನೀನೂ ಕೇಳಲಿಲ್ಲ."