ಮಂಗಳ ಬಾರದ ಓಲಗದವನು

“ಬುದ್ಧಿ, ಕೆಲಸಕ್ಕೆ ಸೇರಲೋ, ಡಿಗ್ರಿ ಮುಗಿಸಲೋ?” ಎಂದು ಹಾಲೇಶ ಕೇಳಿದ.

ಹಾಲೇಶ ಮಠದ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಓದುವವನು. ಕೊನೆಯ ಸೆಮಿಸ್ಟರ್ ಒಂದೇ ಬಾಕಿ. ಅಷ್ಟರಲ್ಲಿ ಪೇಟೆಯ ಬೀಜದ ಕಂಪನಿಯವರು ಕರೆದಿದ್ದರು. ಸೋಮವಾರವೇ ಬಂದರೆ ಕೆಲಸ, ಇಲ್ಲದಿದ್ದರೆ ಇನ್ನೊಬ್ಬನಿಗೆ. ಪರೀಕ್ಷೆಗೆಂದು ರಜೆ ಕೇಳುವ ಹಾಗಿಲ್ಲ. ಸೋದರಮಾವ ಫೋನು ಮಾಡಿ, ಡಿಗ್ರಿಯ ಕಾಗದವನ್ನು ಉಪ್ಪಿನಕಾಯಿ ಹಾಕುತ್ತೀಯಾ ಎಂದು ಕೇಳಿದ್ದ. ಆ ಮಾವ ಏಳನೆಯ ಕ್ಲಾಸಿಗೆ ಮೂರು ಸಲ ಕೂತವನು ಎಂಬುದು ಊರಿಗೇ ಗೊತ್ತು, ಅದಿರಲಿ.

ಮಠದ ಹಿರಿಯ ಸ್ವಾಮಿಗಳನ್ನು ಹುಡುಗರೆಲ್ಲ ಅಜ್ಜಯ್ಯ ಎನ್ನುತ್ತಿದ್ದರು. ಅಜ್ಜಯ್ಯ ಒಂದು ಕತೆ ಹೇಳಿದರು.

ಒಬ್ಬ ಶಿಷ್ಯ ಓಲಗ ಕಲಿಯುತ್ತಿದ್ದ. ಏಳು ವರ್ಷ ಗುರುವಿನ ಮನೆಯಲ್ಲಿ ಊದಿ ಊದಿ ಎಲ್ಲ ಕಲಿತಿದ್ದ. ಉಳಿದದ್ದು ಎಲ್ಲ ಮುಗಿದ ಮೇಲೆ ಊದುವ ಮಂಗಳ ಒಂದೇ. ಆ ಮನೆಯ ಪದ್ಧತಿಯಲ್ಲಿ ಮಂಗಳವೇ ಕೊನೆಯ ಪಾಠ, ನಾಲ್ಕು ದಿನದ್ದು.

ಆ ಹೊತ್ತಿಗೆ ಒಬ್ಬ ವರ್ತಕ ಓಡಿಬಂದ. ಮರುದಿನವೇ ಅವನ ಮಗಳ ಮದುವೆ. ಗೊತ್ತುಮಾಡಿದ್ದ ಓಲಗದವನು ನಾಪತ್ತೆ. ಆ ಮಹಾಶಯನಿಗೆ ಎರಡು ಊರಿನಲ್ಲಿ ಎರಡು ಸಂಸಾರ. ಸಂತೆಯಲ್ಲಿ ಇಬ್ಬರು ಹೆಂಗಸರು ಒಂದೇ ಬದನೆಕಾಯಿ ಗುಡ್ಡೆಗೆ ಕೈ ಹಾಕಿದರಂತೆ. ನನ್ನ ಗಂಡನಿಗೆ ಬದನೆಕಾಯಿ ಎಂದರೆ ಪ್ರಾಣ ಎಂದು ಒಬ್ಬಳು, ನನ್ನವನಿಗೂ ಹಾಗೆಯೇ, ಓಲಗ ಊದಿ ಬಂದ ದಿನ ಎಣ್ಣೆಗಾಯಿ ಇಲ್ಲದೆ ಉಣ್ಣುವುದಿಲ್ಲ ಎಂದು ಇನ್ನೊಬ್ಬಳು. ಆಮೇಲೆ ಅವನನ್ನು ಕಂಡವರಿಲ್ಲ.

ವರ್ತಕ ಶಿಷ್ಯನಿಗೆ ಆಸೆ ತೋರಿಸಿದ. ಈ ಮದುವೆಗೆ ಬಂದರೆ ಊರ ಗುಡಿಯ ಓಲಗವೂ ಅವನಿಗೇ ಖಾಯಂ; ನಾಲ್ಕು ದಿನ ಕಾಯುವುದು ಮಾತ್ರ ಆಗದ ಮಾತು. ಗುರು ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಶಿಷ್ಯ ಹೊರಟೇಬಿಟ್ಟ.

ಊದಿದ ನೋಡಿ, ಹಾಲು ಕುಡಿಯುವ ಕೂಸೂ ಅಳು ನಿಲ್ಲಿಸಿತು. ತಾಳಿ ಕಟ್ಟಿದ್ದಾಯಿತು, ಊಟವೂ ಆಯಿತು. ಇನ್ನು ಮಂಗಳ. ಆ ಸೀಮೆಯಲ್ಲಿ ಮಂಗಳ ಕೇಳದೆ ಯಾರೂ ಚಪ್ಪರ ಬಿಟ್ಟು ಹೋಗುವಂತಿಲ್ಲ. ಶಿಷ್ಯ ಅದನ್ನು ನೂರು ಸಲ ಕೇಳಿದ್ದ. ಕಿವಿಗೆ ಬಂದದ್ದು ಬೆರಳಿಗೆ ಬಂದಿರಲಿಲ್ಲ. ನಡುವೆ ತಪ್ಪಿದರೆ ಮದುಮಕ್ಕಳಿಗೆ ಅಪಶಕುನ. ಆಮೇಲೆ ಅವನಿಗೆ ಆ ಗುಡಿಯೂ ಇಲ್ಲ, ಮುಂದೆ ಯಾರ ಮದುವೆಯೂ ಇಲ್ಲ. ನಿಲ್ಲಿಸಿದರೆ ಸಿಕ್ಕಿಬೀಳುತ್ತಾನೆ. ಆದ್ದರಿಂದ ನಿಲ್ಲಿಸಲಿಲ್ಲ. ಬಂದದ್ದನ್ನೆಲ್ಲ ಊದಿ ಮುಗಿಸಿದ. ಮತ್ತೆ ಮೊದಲಿನಿಂದ ಊದಿದ.

ಚಪ್ಪರದಲ್ಲಿ ಹಬ್ಬವೋ ಹಬ್ಬ. ಅಡಿಗೆಯವರು ಮತ್ತೆ ಒಲೆ ಹೊತ್ತಿಸಿ ಇನ್ನೊಂದು ಪಂಕ್ತಿಗೆ ಹೋಳಿಗೆ ಬೇಯಿಸಿದರು. ಹನ್ನೆರಡು ವರ್ಷ ಮಾತು ಬಿಟ್ಟಿದ್ದ ಓರಗಿತ್ತಿಯರು ಬೇಜಾರಿಗೆ ಬಾಯಿ ತೆರೆದು, ಅತ್ತೆಯನ್ನು ಆಡಿಕೊಳ್ಳುವುದರಲ್ಲಿ ಒಂದಾದರು. ವರನ ಅಪ್ಪ ಕುಣಿಯಲು ಹೋಗಿ ರುಮಾಲು ಬೀಳಿಸಿಕೊಂಡ. ಅವನ ಕೂದಲಿನ ಕಪ್ಪು ರುಮಾಲಿನ ಅಂಚಿನವರೆಗೆ ಮಾತ್ರ ಎಂಬುದು ಬೀಗರಿಗೆಲ್ಲ ತಿಳಿಯಿತು. ಮದುಮಗಳು ನಕ್ಕಳು, ಮದುಮಗನೂ ನಕ್ಕ. ಅಲ್ಲಿಯವರೆಗೆ ಅವರು ಒಬ್ಬರ ಮುಖ ಒಬ್ಬರು ನೆಟ್ಟಗೆ ನೋಡಿರಲಿಲ್ಲ.

ಡೋಲಿನವನು ಕೈ ಸೋತು ಹೋಳಿಗೆಯ ಕಡೆಗೆ ಎದ್ದುಹೋದ. ಶಿಷ್ಯನ ತುಟಿ ಬಾತು ಬೋಂಡದಂತಾಯಿತು. ಕಣ್ಣಲ್ಲಿ ನೀರು ಬಂತು. ಜನ ಅದನ್ನು ಭಕ್ತಿ ಎಂದುಕೊಂಡರು.

ದೀಪ ಹಚ್ಚುವ ಹೊತ್ತಿಗೆ ಮದುಮಗಳ ಮುತ್ತಜ್ಜಿ ಅವನ ಪಕ್ಕಕ್ಕೆ ಬಂದು ಕೂತಳು. ಆ ಮನೆತನದ ಗುಟ್ಟುಗಳಲ್ಲಿ ಅವಳಿಗೆ ತಿಳಿಯದ್ದು ಒಂದೂ ಇಲ್ಲ, ಅವಳಿಂದ ಊರಿಗೆ ತಿಳಿಯದ್ದೂ ಇಲ್ಲ.

“ಯಾಕೋ ಮಗಾ, ಮುಗಿಸೋಕೆ ಬರಲ್ಲ ಅಲ್ವಾ ನಿನಗೆ?” ಎಂದಳು, ಅವನಿಗಷ್ಟೇ ಕೇಳುವಂತೆ.

ಓಲಗ ಬಾಯಲ್ಲಿಟ್ಟುಕೊಂಡೇ ಅವನು ಹೌದೆಂದು ತಲೆಯಾಡಿಸಿದ.

ಮುದುಕಿ ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಹೆಂಗಸರನ್ನು ಕೂಗಿ, ತಾನೇ ಆರತಿಯ ಹಾಡು ಎತ್ತಿಕೊಂಡಳು. ಮುತ್ತೈದೆಯರ ಆರತಿಯೂ ಮಂಗಳವೇ ಎಂದು ಹಿರಿಯರು ಒಪ್ಪಿ ಎದ್ದರು. ಮದುವೆ ಮುಗಿಯಿತು. ಜೀವಮಾನದಲ್ಲಿ ಅವಳು ಹೊಟ್ಟೆಯಲ್ಲಿಟ್ಟುಕೊಂಡ ಗುಟ್ಟು ಅದೊಂದೇ ಅಂತೆ.

ಮರುದಿನ ಶಿಷ್ಯ ಗುರುವಿನ ಮನೆಗೆ ಮರಳಿದ. ಗಂಜಿ ಕುಡಿಯುವುದಕ್ಕೂ ತುಟಿ ಕೂಡುತ್ತಿರಲಿಲ್ಲ. ಬಾವು ಇಳಿಯಲು ಹದಿನೈದು ದಿನ ಹಿಡಿಯಿತು. ಆಮೇಲೆ ಆ ನಾಲ್ಕು ದಿನದ ಪಾಠ. ಅಷ್ಟರಲ್ಲಿ ವರ್ತಕ ಗುಡಿಗೆ ಬೇರೆಯವನನ್ನು ತಂದಾಗಿತ್ತು.

ಹಾಲೇಶ ಬಿದ್ದು ಬಿದ್ದು ನಕ್ಕ. ನಗು ತಡೆದುಕೊಂಡು, “ಆದರೂ ಬುದ್ಧಿ, ಅವನು ಹಾಗೆ ಹೋದದ್ದರಿಂದಲೇ ಅಷ್ಟು ಜನಕ್ಕೆ ಸಂತೋಷವಾಯಿತಲ್ಲ?” ಎಂದ.

ಅಜ್ಜಯ್ಯನೂ ನಕ್ಕರು. “ಆಯಿತಪ್ಪ, ಓಲಗದ ಎದುರಿಗೆ ಕೂತವರಿಗೆಲ್ಲ ಆಯಿತು, ಆದರೆ ನೀನು ಹೊರಟಿರುವುದು ಎದುರಿಗೆ ಕೂರುವುದಕ್ಕಲ್ಲ, ಅದರ ತುಟಿ ಇಡುವ ತುದಿಗೆ.”